ಹೊಡೆದುಹಾಕಿದ ‘ಹೌದು’

‘ಎಂದಾದರೂ ಬಂಧನಕ್ಕೆ ಒಳಗಾಗಿದ್ದೀರಾ?’ — ಪೌರತ್ವದ ಅರ್ಜಿಯಲ್ಲಿ ಮೊದಲು ‘ಹೌದು’ ಎಂಬಲ್ಲಿ ಗುರುತು ಬಿದ್ದಿತ್ತು. ಯಾರೋ ಅದನ್ನು ಹೊಡೆದು ‘ಇಲ್ಲ’ ಮಾಡಿದ್ದರು. ಬೇಕೆಂದೇ ಹೇಳಿದ ಸುಳ್ಳು ಎಂದಿತು ವಲಸೆ ಇಲಾಖೆ. ನಾಳಿನ ವಿಚಾರಣೆಯಲ್ಲಿ ಸೋತರೆ ನೆಸ್ಟರ್ ಗಾಲ್ವೆಜ್ ಹೆಂಡತಿ ಮಗಳನ್ನು ಸ್ಟಾಕ್ಟನ್‌ನಲ್ಲೇ ಬಿಟ್ಟು ಮನಿಲಾದ ವಿಮಾನ ಹತ್ತಬೇಕು.

ತನಿಖೆಗೆ ಅವನ ಮನೆಗೆ ಬಂದವಳು ಪೆರ್ಲಾ ದಿಮಾನೊ. ಇಪ್ಪತ್ತು ವರ್ಷ ಕೋರ್ಟಿನಲ್ಲಿ ಗುಮಾಸ್ತೆಯಾಗಿದ್ದು ಈಗ ನೆಸ್ಟರನ ವಕೀಲರ ಬಳಿ ಕೆಲಸಕ್ಕಿದ್ದಳು. ಊರಿನ ಫಿಲಿಪಿನೊಗಳಿಗೆಲ್ಲ ಕಾನೂನೆಂದರೆ ಪೆರ್ಲಕ್ಕ. ಆ ಹೆಮ್ಮೆ ಅವಳಿಗೂ ತುಸು ಹೆಚ್ಚೇ ಇತ್ತು.

“ಇದನ್ನ ಹೊಡೆದದ್ದು ಯಾರೋ ನೆಸ್ಟರ್?”

“ನಾನೇ ಅಕ್ಕಾ.” ನೆಸ್ಟರ್ ತಲೆ ಎತ್ತಲಿಲ್ಲ.

“ಯಾಕೆ? ಒಂದು ಜೊತೆ ಶೂ ಕದ್ದ ಹಳೇ ಕೇಸು. ಕೋರ್ಟೇ ದಾಖಲೆಯಿಂದ ಅಳಿಸಿಹಾಕಿತ್ತು.”

“ಅದಕ್ಕೇ... ಅಳಿಸಿದ ಮೇಲೆ ಇಲ್ಲ ಅಂತಲೇ ಅಂದ್ಕೊಂಡೆ.”

“ಕೋರ್ಟು ಅಳಿಸಿದ್ರೂ ವಲಸೆಯವರು ಅಳಿಸಲ್ಲ ಕಣೋ! ಅವರ ಮುಂದೆ ಹೇಳಲೇಬೇಕು. ‘ಹೌದು’ ಅಂದು ಕಾಗದ ಲಗತ್ತಿಸಿದ್ದಿದ್ರೆ ಇಷ್ಟು ಚಿಕ್ಕ ಕೇಸನ್ನ ಬಿಟ್ಟೇ ಬಿಡ್ತಿದ್ರೇನೋ. ಯಾವ ಬೃಹಸ್ಪತಿ ನಿಂಗೆ ಹೇಳಿಕೊಟ್ಟದ್ದು?”

ಒಲೆಯ ಮುಂದೆ ಕೋಳಿ ಅಡೊಬೊ ಕಲಕುತ್ತಿದ್ದ ಹೆಂಡತಿ ಲಿಗಾಯಾ ಸೌಟು ಕುಕ್ಕಿದಳು.

“ಹೇಳ್ರೀ! ಅವರ ಮರ್ಯಾದೆ ಉಳಿಸೋಕೆ ನೀವು ದೇಶ ಬಿಡ್ತೀರಾ?”

“ನೀ ಸುಮ್ನಿರೇ!”

ಅವರ ಮರ್ಯಾದೆ? — ಯಾರದು? ಪೆರ್ಲಾಗೆ ಹೊಳೆಯಲಿಲ್ಲ. ಅಷ್ಟರಲ್ಲಿ ವಕೀಲರು ಅವಳ ಫೋನಿಗೆ ಮೂಲ ಅರ್ಜಿಯ ಬಣ್ಣದ ಚಿತ್ರ ಕಳಿಸಿದರು. ಅವಳು ಅದನ್ನು ಹಿಗ್ಗಿಸಿದಳು. ಹೊಡೆದ ಗೆರೆಯ ಪಕ್ಕದಲ್ಲಿ, ಝೆರಾಕ್ಸ್ ಪ್ರತಿಯಲ್ಲಿ ಬರೀ ಮಸಿಯೆಂದು ಎಲ್ಲರೂ ಬಿಟ್ಟಿದ್ದ ಚುಕ್ಕೆ ಈಗ ಎರಡು ಪುಟ್ಟ ಅಕ್ಷರಗಳಾಗಿತ್ತು.

ಪೆರ್ಲಾಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

“ಕೋರ್ಟ್ ಗುಮಾಸ್ತರು ಏನೇ ತಿದ್ದಿದ್ರೂ ಪಕ್ಕದಲ್ಲಿ ಕಿರುಸಹಿ ಹಾಕ್ತಾರೆ,” ಎಂದಳು. “ಇಪ್ಪತ್ತು ವರ್ಷದ ಅಭ್ಯಾಸ. ಮೂರು ವರ್ಷದ ಹಿಂದೆ, ಚರ್ಚಿನ ಹಾಲ್‌ನಲ್ಲಿ ನೂರು ಜನರ ಅರ್ಜಿ ನೋಡಿಕೊಟ್ಟೆ. ನೀನು ನಿಜಾನೇ ಬರೆದಿದ್ದೆ. ಕೋರ್ಟು ಅಳಿಸಿದ್ದನ್ನ ಯಾಕೋ ಬರೀತೀಯ ಪೆದ್ದಾ ಅಂತ ಹೊಡೆದವಳು — ನಾನು. ವಲಸೆ ಕಾನೂನು ಆಗ ನಂಗೂ ಗೊತ್ತಿರ್ಲಿಲ್ಲ. ಇದು ನಂದೇ ಸಹಿ. ಗೊತ್ತಿದ್ದೂ ಯಾಕೋ ಬಾಯಿ ಬಿಡ್ಲಿಲ್ಲ?”

“ಪುಕ್ಕಟೆ ಉಪಕಾರ ಮಾಡಿದೋರು ನೀವು. ನಿಮ್ಮನ್ನ ಕಟಕಟೆಗೆ ಹೆಂಗೆ ಎಳೀಲಿ ಅಕ್ಕಾ?”

ನಾಚಿಕೆಯಿಂದ ಅವಳ ಕಿವಿ ಸುಡುತ್ತಿತ್ತು. ಕೆಲಸ ಹೋಗುತ್ತದೆ, ಹೆಸರೂ ಹೋಗುತ್ತದೆ. ಅವಳು ಚೀಲದಿಂದ ಪೆನ್ನು ತೆಗೆದಳು.

“ನಾಳೆ ಕಟಕಟೆ ಹತ್ತೋಳು ನಾನೇ. ಆವತ್ತು ನನ್ನ ಮುಂದೆ ಕೂತಿದ್ದೋರ ಹೆಸರೆಲ್ಲ ಹೇಳು. ಇನ್ನೆಷ್ಟು ಜನರದ್ದು ಹೊಡೆದಿದೀನೋ!”