ಪುಗಸಟ್ಟೆ ತಿಂಗಳು

ಜೂನ್ ಮೂರು, ಮಂಗಳವಾರ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಚಿಕ್ಕರಸಿನಕೆರೆಯ ಪಟ್ಟಲಮ್ಮ ಮದ್ದೂರು ಠಾಣೆಗೆ ಬಂದಾಗ ಇನ್ಸ್‌ಪೆಕ್ಟರ್ ಅರುಂಧತಿ ಬಂದೋಬಸ್ತ್ ಮುಗಿಸಿ ಮನೆಗೂ ಹೋಗದೆ ಹಾಗೇ ಕುಳಿತಿದ್ದರು.

ಪಟ್ಟಲಮ್ಮ ಊರಿನ ಬಸ್ ನಿಲ್ದಾಣದ ಪಕ್ಕ ಇಡ್ಲಿ ಮಾರುವವಳು. ಗ್ರೈಂಡರ್ ಕೊಳ್ಳಲು ಸಾಲ ಕೇಳಿದ್ದಕ್ಕೆ, ಖಾತೆಯಲ್ಲಿ ದುಡ್ಡೇ ನಿಲ್ಲುತ್ತಿಲ್ಲವೆಂದು ಬ್ಯಾಂಕಿನವರು ವಾಪಸು ಕಳಿಸಿದ್ದರು. ಪ್ರತಿ ತಿಂಗಳೂ ಐನೂರು ರೂಪಾಯಿ ಯಾವುದೋ ಕಂಪನಿಗೆ ಹೋಗುತ್ತಿತ್ತು. ಬ್ಯಾಂಕಿನ ಇಂಗ್ಲಿಷ್ ಮೆಸೇಜು ಅವಳಿಗೆ ಓದಲು ಬರುತ್ತಿರಲಿಲ್ಲ.

“ಯಾರಿಗಾದ್ರೂ ಓಟಿಪಿ ಕೊಟ್ರಾ?”

“ಒಂದು ಉಡುಗಿ ಬಂದಿತ್ತು ಕಣವ್ವ. ಸಾಲ ಸಿಕ್ತದೋ ಇಲ್ವೋ ಅಂತ ಸ್ಕೋರು ನೋಡ್ಕೊಡ್ತೀನಿ, ಒಂದ್ ತಿಂಗ್ಳು ಪುಗಸಟ್ಟೆ ಅಂದ್ಲು. ಕಾರ್ಡು, ಫೋನು ಎಲ್ಲ ಅವಳ ಕೈಗೇ ಕೊಟ್ಟೆ.”

“ಆಮೇಲೆ ದುಡ್ಡು ಹೋಗುತ್ತೆ ಅಂತ ಹೇಳ್ಲಿಲ್ವಾ?”

“ಏಳಿದ್ರೆ ನಾನ್ಯಾಕೆ ಕೊಡ್ತಿದ್ದೆ?”

ಹೆಡ್ ಕಾನ್ಸ್‌ಟೇಬಲ್ ಶಿವರಾಮು ಬಗ್ಗಿ, “ಇಷ್ಟಕ್ಕೆಲ್ಲ ಎಫ್‌ಐಆರ್ ಯಾಕೆ ಮೇಡಂ? ಬ್ಯಾಂಕಿಗೊಂದು ಅರ್ಜಿ ಬರ್ಕೊಟ್ಟು ಕಳಿಸಾನ” ಎಂದರು. ಅರುಂಧತಿಗೂ ಹಾಗೇ ಅನ್ನಿಸಿತ್ತು. ಆದರೂ ಕೇಳಿದರು, “ನಿಮ್ಮೂರಲ್ಲಿ ಇನ್ಯಾರಿಗಾದ್ರೂ ಹೀಗಾಗಿದ್ಯಾ?”

“ನಮ್ ಬೀದೀಲೇ ಆರೇಳು ಜನ ಅವ್ರೆ.”

ವಂಚನೆ ಪ್ರಕರಣ ದಾಖಲಾಯಿತು.

ಕಂಪನಿಯಿಂದ ಉತ್ತರ ಬರಲು ಮೂರು ನೋಟಿಸು ಬೇಕಾಯಿತು. ಗ್ರಾಹಕರು ಷರತ್ತಿಗೆ ಒಪ್ಪಿದ್ದಾರೆ, ಹಣ ಕಡಿತಕ್ಕೆ ಮುಂಚೆ ಅವರ ಮೊಬೈಲಿಗೆ ಸೂಚನೆ ಕಳಿಸಿದ್ದೇವೆ ಎಂದು ಬರೆದಿದ್ದರು. ಕೊಟ್ಟಿದ್ದ ನಂಬರು ಪಟ್ಟಲಮ್ಮನದಲ್ಲ. ಅವಳ ಬೀದಿಯ ಉಳಿದವರ ಹೆಸರಿನ ಮುಂದೆಯೂ ಅದೇ ನಂಬರಿತ್ತು. ಸಿಮ್ ಮಳವಳ್ಳಿಯ ಗಗನ ಎಂಬುವಳ ಹೆಸರಿನಲ್ಲಿತ್ತು.

ಅರುಂಧತಿ ಮೊದಲು, ಕಂಪನಿಗೆ ಗ್ರಾಹಕರನ್ನು ಹಿಡಿದುಕೊಡುತ್ತಿದ್ದ ಮಂಡ್ಯದ ಏಜೆನ್ಸಿಯ ಕೋಣೆಗೆ ಹೋದರು. ಮಾಲೀಕ ಪರಾರಿಯಾಗಿದ್ದ. ಬೀಗ ಒಡೆಸಿ ಪಂಚನಾಮೆ ಮಾಡಿದಾಗ ಸಿಕ್ಕಿದ್ದು ಬಣ್ಣದ ಕೊಡೆಗಳು, ‘ಉಚಿತ’ ಎಂದು ದಪ್ಪಕ್ಷರದಲ್ಲಿ ಬರೆದ ಫ್ಲೆಕ್ಸುಗಳು, ಅಷ್ಟೇ.

ಮಳವಳ್ಳಿ ತಲುಪಿದಾಗ ಮಧ್ಯಾಹ್ನ ಮೂರೂವರೆ. ಮಹಿಳಾ ಕಾನ್ಸ್‌ಟೇಬಲ್ ಮೋಹಿನಿ ಬಾಗಿಲು ತಟ್ಟಿದಳು. ಮನೆಯಲ್ಲಿ ಗಗನ ಒಬ್ಬಳೇ ಇದ್ದಳು, ಇಪ್ಪತ್ತೆರಡು ವರ್ಷದ ಹುಡುಗಿ. ಕೇಳಿದ ತಕ್ಷಣ ಫೋನು ತಂದುಕೊಟ್ಟಳು. ಅದರ ತುಂಬ ಊರೂರಿನವರಿಗೆ ಹೋಗಬೇಕಿದ್ದ ಸೂಚನೆಗಳಿದ್ದವು.

“ಅವರ ನಂಬರಿನ ಜಾಗಕ್ಕೆ ನಿನ್ನದ್ಯಾಕೆ ಹಾಕ್ದೆ?”

“ನಾಳೆ ದುಡ್ಡು ಕಟ್ ಆಗ್ತದೆ ಅಂತ ಮೆಸೇಜ್ ನೋಡಿದ್ರೆ ನಿಲ್ಲಿಸ್ಬುಡ್ತಾರೆ ಮೇಡಂ. ನಿಲ್ಲಿಸಿದ್ರೆ ನನ್ ಟಾರ್ಗೆಟ್ಟಿಗೆ ಸೇರಲ್ಲ.”

“ಯಾರು ಹೇಳ್ಕೊಟ್ಟಿದ್ದು?”

“ಏಜೆನ್ಸಿ ಸರ್ ಹೇಳ್ಕೊಟ್ರು. ಮಾಡಿದ್ದು ನಾನೇ.”

“ಎಷ್ಟು ಕೊಟ್ರು ನಿಂಗೆ?”

“ಮೊದಲ್ನೇ ತಿಂಗ್ಳು ಟ್ರಯಲ್, ಸಂಬಳ ಇಲ್ಲ ಅಂದ್ರು. ಟಾರ್ಗೆಟ್ ಮುಟ್ಲಿಲ್ಲ ಅಂತ ಮತ್ತೆ ಟ್ರಯಲ್. ಕೊನೇವರ್ಗೂ ಟ್ರಯಲ್ಲೇ ಆಯ್ತು. ಶುರೂನಲ್ಲಿ ಎಲ್ರಿಗೂ ಹೇಳ್ತಿದ್ದೆ ಮೇಡಂ, ಆಮೇಲೆ ದುಡ್ಡು ಹೋಗ್ತದೆ ಅಂತ. ಕೇಳಿದೋರೆಲ್ಲ ಎದ್ದು ಹೋದ್ರು. ಹೇಳೋದು ಬಿಟ್ಟೆ.”

ಸೂರ್ಯ ಮುಳುಗುವ ಮುಂಚೆ ಬಂಧನದ ಮೆಮೊ ಬರೆದು ಅವಳನ್ನು ಮದ್ದೂರಿಗೆ ಕರೆತಂದರು. ಗುರುತಿಸಲು ಬಂದ ಪಟ್ಟಲಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನೋಡಿದಳು.

“ಇವ್ಳೇ. ಬಿಸ್ಲಲ್ಲಿ ನಿಂತವ್ಳೆ ಅಂತ ನಾನೇ ಕರ್ದು ಇಡ್ಲಿ ಕೊಟ್ಟಿದ್ದೆ.” ಆಮೇಲೆ ಅರುಂಧತಿಯ ಕಡೆ ತಿರುಗಿ, “ನನ್ ದುಡ್ಡು ಬತ್ತದಾ ಅವ್ವ?” ಎಂದಳು.

“ಕಂಪನಿಗೆ ಬರ್ದಿದೀವಮ್ಮ. ಯಾವಾಗ ಕೊಡ್ತಾರೋ ಗೊತ್ತಿಲ್ಲ.”

ಬಂಧಿತರ ಮನೆಯವರಿಗೆ ತಿಳಿಸುವುದು ಬಾಕಿಯಿತ್ತು. ಶಿವರಾಮುಗೆ ಹೇಳಬಹುದಿತ್ತು. ಅರುಂಧತಿ ತಾವೇ ಫೋನು ಎತ್ತಿಕೊಂಡರು. ಗಗನಳ ತಾಯಿ ಚಿಕ್ಕಬೋರಮ್ಮ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮುಗಿಸಿ ಬಸ್ಸಿಗೆ ಕಾಯುತ್ತಿದ್ದಳು.

“ಗಗನಳ ತಾಯೀನಾ?”

“ಊಂ ತಾಯಿ. ಅವಳ ಆಪೀಸ್ನೋರಾ?” ಆ ಕಡೆಯ ದನಿ ಅರಳಿತು. “ನನ್ ಮಗಳ ಕೆಲ್ಸ ಕಾಯಂ ಆಯ್ತಾ?”

ಅರುಂಧತಿ ಕಣ್ಣುಜ್ಜಿಕೊಂಡರು.

“ಮದ್ದೂರಿನ ಬಸ್ ಹತ್ತಿ ಅಮ್ಮ,” ಎಂದರು. “ಪೊಲೀಸ್ ಠಾಣೆ ಹತ್ರ ಇಳೀರಿ.”