ಕರಡಿಗೆ ಕಟ್ಟಿದ ಕೈ

"ಅಮ್ಮಿ ದಾನೇಶ್ವರಿ... ಅದು ನಿನ್ ಕೈ ಅಲ್ವಾ?"

ಸೀನಿಯರ್ ನರ್ಸ್ ಈರಮ್ಮ ಹಾಗೆ ಪಿಸುಗುಟ್ಟಿದ್ದೇ ತಡ, ಪಕ್ಕದಲ್ಲಿ ಕೂತಿದ್ದ ಜೂನಿಯರ್ ನರ್ಸ್ ದಾನೇಶ್ವರಿಯ ಎದೆ ಧಸಕ್ಕೆಂದಿತು!

ಗುಂಡ್ಲುಪೇಟೆಯ ಆಸ್ಪತ್ರೆ ಹಾಲ್‌ನಲ್ಲಿ ಅಂದು ಮೈಸೂರಿನ ಸೋಮಶೇಖರ್, ತಾನೇ ಕಂಪ್ಯೂಟರಿನಲ್ಲಿ ತಯಾರಿಸಿದ, ಹೃದಯದ ಆಪರೇಷನ್ ಕಲಿಸುವ ಸಿ.ಡಿ. ತೋರಿಸುತ್ತಿದ್ದ. ಹೆಲ್ಮೆಟ್ಟಿನಂಥದ್ದೊಂದನ್ನು ತಲೆಗೆ ಹಾಕಿಕೊಂಡರೆ ಹೃದಯದೊಳಗೇ ನಿಂತಂತೆ ಕಾಣುತ್ತಿತ್ತು. ಡಾಕ್ಟರುಗಳು ಮದುವೆ ಊಟದ ಪಂಕ್ತಿಗೆ ಕಾದವರಂತೆ ಅದಕ್ಕಾಗಿ ನೂಕಾಡುತ್ತಿದ್ದರು.

ಮಿಕ್ಕವರಿಗಾಗಿ ಹಾಕಿದ್ದ ಪರದೆಯ ಮೇಲೆ ಮುಖವಿಲ್ಲದ ದೇಹ, ತೆರೆದ ಎದೆ. ಮೂಲೆಯಲ್ಲಿ ಒಂದು ಕೈ. ಆ ಕೈಗೆ ಕಟ್ಟಿದ್ದ, ಒಂದು ಬದಿ ನೆಗ್ಗಿದ, ಇಷ್ಟಲಿಂಗವಿಡುವ ಬೆಳ್ಳಿ ಕರಡಿಗೆ!

ಆಪರೇಷನ್ ಟೇಬಲ್ಲಿನ ಮೇಲೂ ಇಷ್ಟಲಿಂಗ ಮಗಳ ಮೈ ಬಿಡಬಾರದೆಂದು ಅವ್ವ ಚಿಕ್ಕಮಲ್ಲಮ್ಮ ಹಟ ಹಿಡಿದು ಕಟ್ಟಿಸಿದ್ದು. ಸಂತೆಮರಹಳ್ಳಿಯಲ್ಲಿ ಅವರದೇ ಬೀದಿಯವಳಾದ ಈರಮ್ಮನಿಗೆ ಆ ಕರಡಿಗೆ ಗೊತ್ತಿಲ್ಲದೆ ಇರುತ್ತದೆಯೇ?

ಎರಡು ವರ್ಷದ ಹಿಂದೆ, 1997ರಲ್ಲಿ, ಇದೇ ಸೋಮಶೇಖರ್ ಅವಳ ಹಾಸಿಗೆಯ ಪಕ್ಕ ನಿಂತು ಕೇಳಿದ್ದ. "ಆಪರೇಷನ್ ವಿಡಿಯೋ ಮಾಡ್ಕೊಳ್ಳಲಾ? ನಿಮ್ದು ಅಂತ ಯಾರ್ಗೂ ಗೊತ್ತಾಗಲ್ಲ. ನನ್ನಾಣೆ!"

ಎದೆ ಕುಯ್ಸಿಕೊಂಡ ಹುಡುಗಿಯನ್ನು ಯಾರು ಮದುವೆಯಾಗುತ್ತಾರೆ ಎಂಬ ಭಯಕ್ಕೆ, ಮಗಳು ಟ್ರೈನಿಂಗಿಗೆ ಹೋಗಿದ್ದಾಳೆಂದು ಅವ್ವ ಊರಿಗೆಲ್ಲ ಹೇಳಿದ್ದಳು. ದಾನೇಶ್ವರಿ ಮೊದಲು ಸೋಮಶೇಖರನ ಆಣೆಯನ್ನು ನಂಬಿ ವಿಡಿಯೋಗೆ ಒಪ್ಪಿದಳು. ಆಮೇಲೆ, ಅವನಿಂದ ವಾರಕ್ಕೊಂದು ಕಾಗದ ಬರತೊಡಗಿದ ಮೇಲೆ, ಅವನನ್ನೇ ನಂಬಿದಳು.

ಅವಳು ಹಾಲ್‌ನಿಂದ ಎದ್ದು ಹೊರಗೆ ನಡೆದಳು. ಸೋಮಶೇಖರ್ ಓಡಿ ಬಂದ.

"ನಂಬ್ಸಿ ಕತ್ತು ಕುಯ್ದ್ಬುಟ್ರಲ್ಲ!"

"ದಾನು... ಮುಖ ಮುಚ್ಚಿದ್ದೆ. ಹೆಸರೂ ತೆಗ್ದಿದ್ದೆ..."

"ಕೈ ಕಾಣ್ಲಿಲ್ವಾ ನಿಮ್ಗೆ?"

ಅವನು ತಲೆ ತಗ್ಗಿಸಿದ. "ಕಾಣ್ತು. ಕಂಪ್ಯೂಟರ್‌ನಲ್ಲಿ ಅಳ್ಸೋಕೆ ಮೂರು ಸಲ ಕೂತೆ. ನಿನ್ ಮೈಯಿಂದ ಲಿಂಗ ತೆಗ್ದಂಗೆ ಆಯ್ತದಲ್ಲ ಅಂತ... ಕೈಯೇ ಬರ್ಲಿಲ್ಲ ಕಣೆ."

ಅವಳಿಗೆ ಅಳು ಬಂತು. ಚಿತ್ರದಲ್ಲಿ ಕೂಡ ಲಿಂಗ ತೆಗೆಯಲಾರದವನು!

"ನನ್ನ ಒಂದ್ ಮಾತು ಕೇಳ್ಬೋದಿತ್ತು."

"ನೀನು ಬೇಡ ಅಂದ್ಬುಟ್ರೆ ಎರಡು ವರ್ಷದ ಕೆಲಸ ಹೋಗುತ್ತೆ ಅಂತ ಹೆದ್ರಿದೆ. ಅದು ನನ್ ತಪ್ಪೇ. ಈಗ್ಲೇ ಆ ಸಿ.ಡಿ. ಮುರ್ದಾಕ್ತೀನಿ!"

ಈ ಮಾತು ಅವಳನ್ನು ಇನ್ನಷ್ಟು ಸುಟ್ಟಿತು. ಭಕ್ತಿಯಿಂದ ಅಳಿಸದೆ ಬಿಟ್ಟದ್ದನ್ನಾದರೂ ಕ್ಷಮಿಸಬಹುದಿತ್ತು; ಕೆಲಸ ಹೋದೀತೆಂದು ಕೇಳದೆ ಹೋದದ್ದನ್ನು...

ಅಷ್ಟರಲ್ಲಿ ಈರಮ್ಮ ಬಾಗಿಲಿಗೆ ಬಂದಳು. "ಯೋಳಮ್ಮಿ, ನಿಂದೇಯಾ?"

ಇಲ್ಲ ಅನ್ನಲು ಬಾಯಿ ತೆರೆದ ದಾನೇಶ್ವರಿಗೆ ಒಳಗಿನ ಡಾಕ್ಟರುಗಳ ಸಡಗರ ಕೇಳಿಸಿತು. ಇವರು ಇದನ್ನು ನೋಡಿ ಕಲಿತರೆ ನನ್ನಂಥ ಇನ್ನೊಬ್ಬಳು ಉಳಿಯುತ್ತಾಳೇನೋ...

"ಹೂಂ ಅಕ್ಕ. ನಂದೇ." ಅವನ ಕಡೆ ತಿರುಗಿದಳು. "ಮುರೀಬೇಡಿ. ಓಗಿ, ಪಾಠ ಮುಗ್ಸಿ."

ಈರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಸೋಮಶೇಖರ್ ಕದಲಲಿಲ್ಲ.

"ದಾನು, ಇನ್ನು ಊರಿಗೆಲ್ಲ ಗೊತ್ತಾಗುತ್ತೆ. ನನ್ನ ಮದ್ವೆ ಆಗ್ತೀಯಾ?"

"ಕರುಣೆಗಾ?"

"ಅಲ್ಲ! ಎರಡು ವರ್ಷದಿಂದ ಪ್ರತಿ ಕಾಗದದಲ್ಲೂ ಬರ್ದು ಹೊಡ್ದಾಕ್ತಿದ್ದ ಮಾತು ಇದೊಂದೇ."

"ನಂಗಿನ್ನೂ ಕೋಪ ಓಗಿಲ್ಲ."

"ಹೋಗೋವರ್ಗೂ ಕಾಯ್ತೀನಿ."

"ಕಾಯ್ತಿರಿ. ಭಾನುವಾರ ಬಂದು ಅವ್ವನ್ನ ಕೇಳಿ." ಅಳುವಿನ ನಡುವೆಯೇ ಅವಳು ನಕ್ಕಳು. "ಈ ಸಲನಾದ್ರೂ... ಮೊದ್ಲೇ ಕೇಳಿ!"