ಹೊಗಳಿ ಗಳಿಸಿದ ಮನೆ

ಇಪ್ಪತ್ತೆರಡು ವರ್ಷ ಬೇರೆಯವರನ್ನು ಹೊಗಳಿದರೂ ಸೋರದ ಒಂದು ಸೂರು ಸಿಕ್ಕಲಿಲ್ಲವಲ್ಲ ಎಂಬುದೇ ಉಪದೇಶಿ ನತಾನಿಯೇಲಪ್ಪನ ಸಂಕಟ. ಮಧುಗಿರಿಯ ಪ್ರಾರ್ಥನಾಲಯಕ್ಕೆ ಬಂದುಹೋದ ಐದು ಜನ ಪಾದ್ರಿಗಳನ್ನೂ ಅವನು ಹೊಗಳಿದ್ದ. ಒಬ್ಬರ ಪ್ರಸಂಗವನ್ನು, ಇನ್ನೊಬ್ಬರ ಹೆಂಡತಿ ಮಾಡುವ ಸಾರನ್ನು, ಮತ್ತೊಬ್ಬರ ತೂಕಡಿಕೆಯನ್ನೂ ಧ್ಯಾನವೆಂದು ಹೊಗಳಿದ್ದ. ಅವರೆಲ್ಲ ವರ್ಗವಾಗಿ ಒಳ್ಳೊಳ್ಳೆಯ ಬಂಗಲೆಗಳಿಗೆ ಹೋದರು. ಇವನು ಬೆಟ್ಟದ ಬುಡದ ಬಾಡಿಗೆ ಕೋಣೆಯಲ್ಲೇ ಉಳಿದ. ಬೇಸಿಗೆಯಲ್ಲಿ ಬಂಡೆಯ ಕಾವಿಗೆ ಬೇಯಬೇಕು, ಮಳೆಗಾಲದಲ್ಲಿ ಪಾತ್ರೆಗಳ ನಡುವೆ ಮೈ ಮುದುಡಿ ಮಲಗಬೇಕು. ದೇವರನ್ನೂ ಅವನು ಅದೇ ಕ್ರಮದಲ್ಲಿ ಹಿಡಿದಿದ್ದ. ಪ್ರಾರ್ಥನೆಯಲ್ಲಿ ಮೊದಲ ಕಾಲುಗಂಟೆ ಗುಣಗಾನ, ಕೊನೆಗೆ ಮೆಲ್ಲಗೆ ಮನೆಯ ವಿಷಯ. ದೇವರು ಗುಣಗಾನವನ್ನು ಇಟ್ಟುಕೊಂಡು ಮನೆಯ ವಿಷಯ ಬಂದಾಗ ಸುಮ್ಮನಾಗಿಬಿಡುತ್ತಿದ್ದ.

೧೯೬೧ರ ಸುಗ್ಗಿ ಕಳೆದ ಮೇಲೆ ನತಾನಿಯೇಲಪ್ಪ ದೇವರನ್ನು ಬಿಟ್ಟು ಮಾರ್ಥಮ್ಮನ ಕಡೆ ತಿರುಗಿದ.

ಮಾರ್ಥಮ್ಮ ಶಾಲೆಯಿಂದ ನಿವೃತ್ತಳಾದ ಟೀಚರಮ್ಮ. ನತಾನಿಯೇಲಪ್ಪನಿಗೆ ಅಕ್ಷರ ಕಲಿಸಿದವಳೂ ಆಕೆಯೇ. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಎರಡು ಕಣ್ಣಿಗೂ ಪೊರೆ ಬಂದಿತ್ತು. ಪ್ರಾರ್ಥನಾಲಯದ ಮಗ್ಗುಲಲ್ಲೇ ಸ್ವಂತ ಹೆಂಚಿನ ಮನೆ, ಹಿತ್ತಿಲಲ್ಲಿ ಸೇದುವ ಬಾವಿ, ಒಂದು ನುಗ್ಗೆಮರ. ಹತ್ತಿರದವಳೆಂದರೆ ಸತ್ತುಹೋದ ಅಣ್ಣನ ಮಗಳು ದಾಸಮ್ಮ ಒಬ್ಬಳೇ. ಅಣ್ಣನ ಮನೆಯವರು ಯಾರೂ ಕ್ರೈಸ್ತ ಸಭೆಗೆ ಸೇರಿದವರಲ್ಲ. ದಾಸಮ್ಮ ತಿಂಗಳಿಗೊಮ್ಮೆ ಹೊಳವನಹಳ್ಳಿಯಿಂದ ಬಸ್ಸು ಹತ್ತಿ ರಾಗಿಹಿಟ್ಟು ತರುತ್ತಿದ್ದಳು, ಅತ್ತೆಗೆ ತಲೆಗೆ ನೀರು ಹಾಕುತ್ತಿದ್ದಳು, ಹಾಕುವಷ್ಟು ಹೊತ್ತೂ ಬೈಯುತ್ತಿದ್ದಳು.

"ಏನತ್ತೆ, ತಲೆ ಇಂಗೆ ಜಡೆಗಟ್ಟೈತೆ. ಊರು ಮಕ್ಳಿಗೆಲ್ಲ ಬಾಚ್ಕೊಂಡು ಬಾ ಅಂತ ಬೆತ್ತ ಹಿಡ್ದೋಳು ನೀನೇನಾ?"

"ಮೆಲ್ಲಗೆ ಉಜ್ಜೇ, ಸಿಪ್ಪೆ ಸುಲೀತಿದ್ದೀಯ."

"ಸುಲಿಯೋಕೆ ಏನುಳ್ಸಿದ್ದೀಯ ನೀನು? ಮೂಳೆ ಎಣಿಸ್ಬೋದು. ಹಿಟ್ಟು ತಂದ್ಕೊಟ್ರೆ ಉಣ್ಣಕ್ಕೇನು ಬೇನೆ?"

ಜಗಲಿಯ ಮೇಲೆ ಕೂತು ಕೇಳಿಸಿಕೊಂಡ ನತಾನಿಯೇಲಪ್ಪನಿಗೆ ದಾರಿ ಸಲೀಸಾಗಿ ಕಂಡಿತು. ಬೈಯುವವಳು ತಿಂಗಳಿಗೊಂದು ದಿನ ಬರುತ್ತಾಳೆ. ಹೊಗಳುವವನು ದಿನವೂ ಬಂದರೆ ಮುದುಕಿಯ ಮನಸ್ಸು ಎತ್ತ ವಾಲೀತು?

ಒಬ್ಬಟ್ಟಿನ ಕಣಕಕ್ಕೆ ಎಣ್ಣೆ ಕುಡಿಸುವ ಹಾಗೆ ಅವನು ಆಕೆಗೆ ಹೊಗಳಿಕೆ ಕುಡಿಸಿದ. ಒಮ್ಮೆಗೇ ಸುರಿಯಲಿಲ್ಲ. ಮೊದಲ ತಿಂಗಳು ಆಕೆಯ ಕಾಫಿ, ಆಕೆಯ ಕೀರ್ತನೆಯ ಕಂಠ. ಎರಡನೆಯ ತಿಂಗಳು ಆಕೆಯ ಪ್ರಾರ್ಥನೆಯ ಬಲ; ಸಿರಾದಲ್ಲಿ ಯಾರದೋ ಜ್ವರ ಬಿಟ್ಟದ್ದಕ್ಕೂ ಅದೇ ಕಾರಣವೆಂದ. ಮೂರನೆಯ ತಿಂಗಳಿಗೆ ಆಕೆ ಪರಿಶುದ್ಧಳೇ ಆಗಿದ್ದಳು. ಮೊದಮೊದಲು "ಸಾಕು ಸುಮ್ಮನಿರೋ" ಎನ್ನುತ್ತಿದ್ದ ಮಾರ್ಥಮ್ಮ ಈಗ ನಾಲ್ಕು ಗಂಟೆಗೆ ಮುಖ ತೊಳೆದು ಬಾಗಿಲ ಕಡೆ ಕಿವಿಗೊಟ್ಟು ಕೂರುತ್ತಿದ್ದಳು.

ಒಂದು ಸಂಜೆ ಆಕೆ ಹೇಳಿದಳು: "ನತಾನಿಯೇಲ, ಮೊದಲು ದಿನಾ ನನ್ನ ತಪ್ಪುಗಳನ್ನೆಲ್ಲ ದೇವರಿಗೆ ಒಪ್ಪಿಸ್ತಿದ್ದೆ ಕಣಪ್ಪ. ಮಕ್ಕಳಿಗೆ ಹೊಡೆದದ್ದು, ದಾಸಮ್ಮನ ಮೇಲೆ ರೇಗಿದ್ದು. ನೀನು ಬರೋಕೆ ಶುರುವಾದ ಮೇಲೆ ಒಂದೂ ನೆನಪಾಗಲ್ಲ. ನನಗದೇ ಭಯ."

"ಪರಿಶುದ್ಧರಿಗೆ ಅಂಗೇ ಆಗೋದು ಟೀಚರಮ್ಮ."

ಕ್ಷಮೆ ಕೇಳುವುದಕ್ಕೆ ಏನೂ ಉಳಿಯದ ಒಂದು ಜೀವ ಅಲ್ಲಿ ದೇವರಿಂದ ದೂರ ಕೂತಿತ್ತು. ನತಾನಿಯೇಲಪ್ಪ ಆ ಹೊತ್ತಿನಲ್ಲಿ ಸೂರಿನ ತೊಲೆಗಳನ್ನು ನೋಡುತ್ತಿದ್ದ. ಎಲ್ಲವೂ ಗಟ್ಟಿ ಮರ, ಗೆದ್ದಲು ಹಿಡಿದಿರಲಿಲ್ಲ.

ಮರುವಾರ ಆಕೆಯೇ ಬಾಯಿಬಿಟ್ಟಳು. ತಾನು ಹೋದಮೇಲೆ ಮನೆ ಪ್ರಾರ್ಥನಾಲಯಕ್ಕೆ ಸೇರಬೇಕು, ಹೆಣ್ಣುಮಕ್ಕಳು ಅಲ್ಲಿ ಕೂತು ಓದಬೇಕು. ಉಯಿಲು ನೀನೇ ಬರೆ ಎಂದಳು.

ನತಾನಿಯೇಲಪ್ಪ ಬರೆದ. ಓದುವಾಗ ಪ್ರಾರ್ಥನಾಲಯ ಎಂದು ಓದಿದ. ಕಾಗದದ ಮೇಲೆ ಇದ್ದದ್ದು ಅವನ ಹೆಸರು, ಅವನ ತಂದೆಯ ಹೆಸರು, "ನನ್ನ ಮಗನಂತೆ ನೋಡಿಕೊಂಡದ್ದರಿಂದ" ಎಂಬ ಮಾತು. ರಿಜಿಸ್ಟರ್ ಮಾಡಿಸಬೇಕಾಗಿಲ್ಲ, ಇಬ್ಬರು ಸಾಕ್ಷಿ ಸಾಕು ಎಂದು ಮೊದಲೇ ವಿಚಾರಿಸಿಕೊಂಡಿದ್ದ. ಒಬ್ಬ, ಪಕ್ಕದ ಮನೆಯ, ಪಾತ್ರೆಗೆ ಕಲಾಯಿ ಹಾಕುವ ಬುಡನ್ ಸಾಬ್. ಉರ್ದು ಬಲ್ಲ, ಕನ್ನಡ ಓದಲಾರ. ಇನ್ನೊಬ್ಬ, ತನ್ನ ಹೆಸರು ಬಿಟ್ಟು ಬೇರೇನೂ ಬರೆಯಲು ಓದಲು ಬಾರದ ತರಕಾರಿ ಲಕ್ಷ್ಮಯ್ಯ. ಇಷ್ಟು ಅಚ್ಚುಕಟ್ಟಾದ ಕೆಲಸವನ್ನು ಯಾರೂ ನೋಡಿ ಮೆಚ್ಚುವಂತಿಲ್ಲವಲ್ಲ ಎಂದು ಮಾತ್ರ ಅವನಿಗೆ ಕೊರಗಿತ್ತು.

ಗೊತ್ತುಮಾಡಿದ ದಿನ ಮಾರ್ಥಮ್ಮ ತಡವುತ್ತ ಸಹಿ ಹಾಕಿದಳು. ಬುಡನ್ ಸಾಬ್ ಬಲಗಡೆಯಿಂದ ತನ್ನ ಸಹಿ ಎಳೆದ. ಲಕ್ಷ್ಮಯ್ಯ ಬರಲಿಲ್ಲ.

"ಅವ್ನು ಕೊರಟಗೆರೆ ಸಂತೆಗೆ ಹೋದ ಕಣ್ರೀ," ಎಂದ ಬುಡನ್ ಸಾಬ್. "ನನ್ ಕುಲುಮೆ ಆರೋಗ್ತದೆ. ಜಲ್ದಿ ಮುಗ್ಸಿ ಉಪದೇಶಿಗಳೇ."

"ನಾಳೆ ಮಾಡಿಸೋಣ ಟೀಚರಮ್ಮ," ಎಂದ ನತಾನಿಯೇಲಪ್ಪ.

"ಲಕ್ಷ್ಮಯ್ಯ ಯಾಕೆ? ನೀನೇ ಹಾಕು," ಎಂದಳು ಮಾರ್ಥಮ್ಮ. "ಮಗ್ಗಿ ಬರ್ತಿರಲಿಲ್ಲ ಅಂತ ಚಿಕ್ಕಂದಿನಲ್ಲಿ ನಿನ್ನ ದಂಡಿಸಿದ್ದೇನೆ, ಒಂದು ದಿನಾನೂ ಒಳ್ಳೇ ಮಾತಾಡಲಿಲ್ಲ. ಈಗ ಹೇಳ್ತೀನಿ ಕೇಳು. ನನ್ನ ಕೈಲಿ ಕಲಿತ ಮುನ್ನೂರು ಮಕ್ಕಳಲ್ಲಿ ನಿನ್ನಂಥ ಸತ್ಯವಂತ ಇನ್ನೊಬ್ಬನಿಲ್ಲ. ನಿನ್ನ ಹೆಸರು ಅದರ ಮೇಲಿದ್ದರೆ ನನಗೆ ಸಮಾಧಾನ."

ಜೀವಮಾನವಿಡೀ ಹೊಗಳಿಕೆ ಹಂಚಿದ ನತಾನಿಯೇಲಪ್ಪನಿಗೆ ಯಾರಾದರೂ ಮರಳಿ ಕೊಟ್ಟದ್ದು ಇದೇ ಮೊದಲು. ಅದರ ರುಚಿ ಅವನಿಗೆ ಗೊತ್ತೇ ಇರಲಿಲ್ಲ. ತಾನು ಹೇಳಿದ ಒಂದು ಹೊಗಳಿಕೆಯನ್ನೂ ನಂಬದವನು ಇದನ್ನು ಪೂರ್ತಿ ನಂಬಿದ. ಆದರೂ ಹುಷಾರಿ ಮನುಷ್ಯ. ಆಸ್ತಿ ಪಡೆಯುವವನು ಸಾಕ್ಷಿ ಹಾಕಬಹುದೇ ಎಂದು ನೆನೆದುನೋಡಿದ. ಕೋರ್ಟಿನ ಮುಂದೆ ಪತ್ರ ಬರೆಯುವ ರೇಣುಕಯ್ಯನ ಹತ್ತಿರ ಅದನ್ನೂ ಕೇಳಿದ್ದ. ಗುಟ್ಟು ಬಿಡಬಾರದೆಂದು ಯಾರೋ ಚಿಕ್ಕನರಸಯ್ಯನ ಉಯಿಲು ಎಂದು ಹೇಳಿದ್ದ. "ದಾರಾಳವಾಗಿ ಹಾಕ್ಬೋದು ಕಣ್ರೀ, ದಿನಾ ಬರೀತೀನಿ," ಎಂದಿದ್ದ ರೇಣುಕಯ್ಯ. ನತಾನಿಯೇಲಪ್ಪ ಲೇಖನಿಯನ್ನು ಮಸಿಯಲ್ಲಿ ಅದ್ದಿ, ಗುಂಡುಗುಂಡಾಗಿ, ಉಪದೇಶಿ ಎಂಬ ಬಿರುದನ್ನೂ ಸೇರಿಸಿ ಸಹಿ ಹಾಕಿದ.

ಮಾರ್ಥಮ್ಮ ಆಷಾಢದಲ್ಲಿ ತೀರಿಕೊಂಡಳು. ಕೊನೆಯ ಹದಿನೈದು ದಿನ ದಾಸಮ್ಮ ಬಂದು ಇದ್ದಳು, ಬೈದಳು, ಗಂಜಿ ಕುಡಿಸಿದಳು. ಬೈಗುಳ ಕೇಳುತ್ತ ಮಲಗಿದ್ದ ಮುದುಕಿ ಒಂದು ಬೆಳಿಗ್ಗೆ ಅಳುತ್ತ ತನ್ನ ತಪ್ಪುಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡು ದೇವರಿಗೆ ಒಪ್ಪಿಸಿ, ಹಗುರಾಗಿ ಹೋದಳಂತೆ. ಸಮಾಧಿಯ ಬಳಿ ನತಾನಿಯೇಲಪ್ಪ ಮಾಡಿದ ಗುಣಗಾನಕ್ಕೆ ಪಾದ್ರಿಗಳೂ ಕಣ್ಣೊರೆಸಿಕೊಂಡರು.

ತುಮಕೂರಿನ ವಕೀಲರು ಉಯಿಲನ್ನು ಎರಡು ಸಲ ಓದಿದರು. "ಅಕ್ಷರ ಮುತ್ತಿನ ಹಾಗಿದೆ," ಎಂದರು. ನತಾನಿಯೇಲಪ್ಪ ತಲೆ ತಗ್ಗಿಸಿ ನಕ್ಕ. "ಸಾಕ್ಷಿ ಹಾಕಿರೋದೂ ನೀವೇ, ಮನೆ ಬರೆದಿರೋದೂ ನಿಮಗೇ," ಎಂದು ವಕೀಲರು ಕನ್ನಡಕ ತೆಗೆದರು. "ಹಿಂದೂಗಳ ಉಯಿಲಾಗಿದ್ದರೆ ಯಾವ ತೊಂದರೆಯೂ ಇರಲಿಲ್ಲ. ಕ್ರೈಸ್ತರಿಗೆ ಕಾನೂನು ಬೇರೆ. ಸಾಕ್ಷಿ ಹಾಕಿದವನಿಗೆ ಬರೆದದ್ದು ಅವನಿಗೆ ದಕ್ಕೋದಿಲ್ಲ. ಆಕೆಗೆ ರಕ್ತಸಂಬಂಧಿಗಳು ಯಾರಾದರೂ ಇದ್ದಾರೆಯೇ? ಮನೆ ಅವರಿಗೆ ಹೋಗುತ್ತೆ." ನತಾನಿಯೇಲಪ್ಪನ ಕಣ್ಣಮುಂದೆ ರೇಣುಕಯ್ಯನ ಮೇಜೂ ತಾನು ಅಲ್ಲಿ ಹೇಳಿದ ಚಿಕ್ಕನರಸಯ್ಯನ ಹೆಸರೂ ಬಂದು ನಿಂತವು. ಮಧುಗಿರಿಯಿಂದ ಪಾವಗಡದವರೆಗೆ ಪ್ರತಿ ಸಂತೆಯಲ್ಲೂ ನಿಂತು, ಕೇಳಿದವರಿಗೂ ಕೇಳದವರಿಗೂ ತಾನು ಕ್ರೈಸ್ತನೆಂದು ಸಾರಿದವನು, ಇಪ್ಪತ್ತೆರಡು ವರ್ಷಗಳಲ್ಲಿ ಕ್ರೈಸ್ತ ಎಂಬ ಮಾತೆತ್ತದೆ ಇದ್ದದ್ದು ಅಲ್ಲಿ ಒಂದೇ ಕಡೆ.